ಅರುಂಧತಿ ನ್ಯೂಯಾರ್ಕಿಗೆ ಹೋದದ್ದು

ಐವತ್ತೆರಡನೇ ವಯಸ್ಸಿನಲ್ಲಿ ತಾನು ನರ್ಸಿಂಗ್ ಅಸಿಸ್ಟೆಂಟ್ ಆಗುತ್ತೇನೆಂದು ಅರುಂಧತಿ ಊಟದ ಮೇಜಿನ ಮುಂದೆ ಹೇಳಿದಾಗ ಅವಳ ಗಂಡ ದ್ವಾರಕನಾಥ ಮೊದಲು ಕೇಳಿದ್ದು, "ಯಾಕೆ, ಯಾರಿಗೆ ಹುಷಾರಿಲ್ಲ?" ಎಂದು. ಯಾರಿಗೂ ಏನೂ ಆಗಿಲ್ಲ, ಎಲ್ಲರೂ ಗುಂಡುಕಲ್ಲಿನ ಹಾಗಿದ್ದಾರೆ, ತನಗೇ ಆ ಕೆಲಸ ಕಲಿಯಬೇಕು ಅನ್ನಿಸಿದೆ ಎಂದು ಅವಳು ಹೇಳಿದಳು. ದ್ವಾರಕನಾಥ ಬೀನ್ಸ್ ಪಲ್ಯವನ್ನು ತಟ್ಟೆಗೆ ಬಡಿಸಿಕೊಂಡ. ಆಮೇಲೆ, ಬೇರೆಯವರಿಗೆ ಬೆಡ್‌ಪ್ಯಾನ್ ಇಡುವ ಕೆಲಸವೇ ಅದು ಎಂದು ಕೇಳಿದ. ಅದೂ ಇದೆ ಎಂದಳು. ಅವನು ಪಲ್ಯವನ್ನು ಪಕ್ಕಕ್ಕೆ ಸರಿಸಿದ.

ನಿಜಕ್ಕೂ ಈ ಹುಚ್ಚು ಹಿಡಿಸಿದವನು ಅವನೇ. ಹಿಂದಿನ ವರ್ಷ ಪಿತ್ತಕೋಶದ ಆಪರೇಷನ್ ಆಗಿ ಅವನು ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದ್ದ. ಎರಡನೇ ದಿನ ಬೆಳಿಗ್ಗೆ ರೋಸ್ನಾ ಎಂಬ ಹೆಂಗಸು ಬಂದಳು. ಎತ್ತರ ನೋಡಿದರೆ ಅರುಂಧತಿಯ ಭುಜಕ್ಕೆ ಬರುತ್ತಿದ್ದಳು. ಅವಳು ಎಂಬತ್ನಾಲ್ಕು ಕಿಲೋ ತೂಕದ ದ್ವಾರಕನಾಥನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯ ಹಾಸನ್ನು ಸುರುಳಿ ಸುತ್ತಿ ಬೆನ್ನಿಗೆ ಒತ್ತಿ, ಹೊಸದನ್ನು ಅದರ ಪಕ್ಕದಲ್ಲೇ ಬಿಚ್ಚಿ, ಅವನನ್ನು ಈ ಕಡೆಗೆ ಹೊರಳಿಸಿ, ಹಳೆಯದನ್ನು ಎಳೆದುಕೊಂಡು ಹೊರಟೇಹೋದಳು. ಇಷ್ಟಾದರೂ ದ್ವಾರಕನಾಥನ ಗೊರಕೆ ನಿಂತಿರಲಿಲ್ಲ. ಮೂವತ್ತು ವರ್ಷ ಅದೇ ಮನುಷ್ಯನನ್ನು ಮಗ್ಗುಲು ಬದಲಿಸಲು ಮೊಣಕೈಯಲ್ಲಿ ತಿವಿದು ತಿವಿದು ಸೋತಿದ್ದ ಅರುಂಧತಿ ಕಣ್ಣರಳಿಸಿ ನೋಡಿದಳು. ಮರುದಿನ ರೋಸ್ನಾ ಬರುವ ಹೊತ್ತಿಗೆ ಕಾದು ನಿಂತು, ಎಲ್ಲಿ ಕಲಿತಿರಿ ಎಂದು ಕೇಳಿದಳು. ಅದಕ್ಕೊಂದು ಕೋರ್ಸಿದೆ, ಸರ್ಟಿಫಿಕೇಟಿದೆ, ಪಿಆರ್, ಅಂದರೆ ಹೊರದೇಶದಿಂದ ಬಂದು ಇಲ್ಲೇ ಕಾಯಂ ನೆಲೆಸಿದವರೂ ಸೇರಬಹುದು ಎಂದು ರೋಸ್ನಾ ಹೇಳಿದ್ದು ಅವಳ ತಲೆಯಲ್ಲಿ ಉಳಿದುಹೋಯಿತು.

ಸರ್ಟಿಫಿಕೇಟು ಸುಮ್ಮನೆ ಸಿಗುವಂಥದ್ದಲ್ಲ ಎಂದು ಅರ್ಜಿ ಹಾಕಿದ ಮೇಲೆ ತಿಳಿಯಿತು. ಮೊದಲು ಇಂಗ್ಲಿಷ್ ಓದಿ ಬರೆಯುವ ಪರೀಕ್ಷೆ. ಆಮೇಲೆ ಡಾಕ್ಟರ ಮುಂದೆ ಮೈ ತೋರಿಸಿ, ಯಾವ ಯಾವ ಸೂಜಿ ಹಾಕಿಸಿಕೊಂಡಿದ್ದೀರಿ ಎಂದು ಲೆಕ್ಕ ಒಪ್ಪಿಸಬೇಕು. ಚಿಕನ್‌ಪಾಕ್ಸ್ ಬಂದಿತ್ತೇ ಎಂದು ಆ ಚೀನೀ ಡಾಕ್ಟರು ಕೇಳಿದಾಗ ಅರುಂಧತಿ ಗಾಬರಿಯಲ್ಲಿ ಮೈಸೂರಿನ ಮಾತನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸಿ, ತನಗೆ ಆರನೇ ವಯಸ್ಸಿನಲ್ಲಿ ಅಮ್ಮ ಬಂದಿದ್ದಳು ಎಂದುಬಿಟ್ಟಳು. ಡಾಕ್ಟರು ಬಹಳ ಗೌರವದಿಂದ ತಾಯಿ ಈಗ ಹೇಗಿದ್ದಾರೆ ಎಂದು ವಿಚಾರಿಸಿ, ಯಾವುದಕ್ಕೂ ಇರಲಿ ಎಂದು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಇವೆಲ್ಲ ದಾಟಿದರೆ ತರಗತಿಗಳು, ಬೊಂಬೆಗಳ ಮೇಲೆ ಒಂದೊಂದೇ ಕೆಲಸದ ಪರೀಕ್ಷೆ, ಅದಾದ ಮೇಲೆ ಮೂರು ವಾರ ನರ್ಸಿಂಗ್ ಹೋಮಿನಲ್ಲಿ ದುಡಿತ, ಕೊನೆಗೆ ಜೀವಂತ ಪೇಷೆಂಟಿನ ಮೇಲೆ ದೊಡ್ಡ ಪರೀಕ್ಷೆ. ಇವುಗಳಲ್ಲಿ ಒಂದು ತಪ್ಪಿದರೂ ಸರ್ಟಿಫಿಕೇಟಿಲ್ಲ.

ದ್ವಾರಕನಾಥ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಒಂದು ಬ್ಯಾಂಕಿನ ಐಟಿ ವಿಭಾಗದ ವೈಸ್ ಪ್ರೆಸಿಡೆಂಟ್. ಆ ಕಟ್ಟಡದಲ್ಲಿ ಲಿಫ್ಟು ಕೆಟ್ಟು ನಿಂತರೆ ಒಳಗೆ ಸಿಕ್ಕಿಕೊಳ್ಳುವ ಹತ್ತು ಜನರಲ್ಲಿ ಆರು ಜನ ವೈಸ್ ಪ್ರೆಸಿಡೆಂಟರೇ ಆಗಿರುತ್ತಾರೆ ಎಂಬುದು ಬೇರೆ ಮಾತು. ಅವನಿಗೆ ಆ ಪದವಿಯ ಮೇಲೆ ಬಹಳ ಮಮತೆ. ಹೆಂಡತಿಯನ್ನು ತಡೆಯುವುದು ತನ್ನಿಂದಾಗದ ಕೆಲಸ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಆ ಕೋರ್ಸಿನ ಹೆಸರನ್ನೇ ಸ್ವಲ್ಪ ಇಸ್ತ್ರಿ ಮಾಡಿದ. ಬೆಡೋಕ್, ತಾಂಪಿನಿಸ್ ಕಡೆಯ ಕನ್ನಡದ ಮನೆಗಳೆಲ್ಲ ಸೇರಿ ಮಾಡಿಕೊಂಡಿದ್ದ ವಾಟ್ಸಾಪ್ ಗುಂಪಿನಲ್ಲಿ, ಅರುಂಧತಿ ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಾಳೆ ಎಂದು ಹಾಕಿದ. ಓದಿ ಅರುಂಧತಿಗೆ ನಗು ಬಂತು. ಮ್ಯಾನೇಜ್ ಮಾಡುವುದಂತೂ ಸುಳ್ಳಲ್ಲವಲ್ಲ ಎಂದುಕೊಂಡು ಸುಮ್ಮನಾದಳು.

ಮೊದಲನೆಯ ಪರೀಕ್ಷೆಯಲ್ಲೇ ಅವಳು ಬಿದ್ದಳು.

ಪೇಷೆಂಟು ಮಲಗಿರುವಾಗಲೇ ಹಾಸು ಬದಲಿಸುವ ಪರೀಕ್ಷೆ ಅದು. ಹಾಸಿಗೆಯ ಮೇಲಿದ್ದುದು ಪ್ಲಾಸ್ಟಿಕ್ ಬೊಂಬೆ. ಕೈಗೆ ಕಟ್ಟಿದ್ದ ಪಟ್ಟಿಯಲ್ಲಿ ಮಿಸ್ಟರ್ ವಾಂಗ್ ಎಂದಿತ್ತು. ಅರುಂಧತಿ ರೋಸ್ನಾಳನ್ನು ಮನಸ್ಸಿನಲ್ಲಿ ನೆನೆದು, ಒಂದು ಸುಕ್ಕೂ ಇಲ್ಲದ ಹಾಗೆ ಕೆಲಸ ಮುಗಿಸಿ ಬೀಗುತ್ತ ನಿಂತಳು. ಕಲಿಸುವ ಮಿಸ್ ತಾನ್ ತೆಳ್ಳಗೆ, ನೆಟ್ಟಗೆ, ಸ್ಕೇಲಿನ ಹಾಗಿದ್ದ ಹೆಂಗಸು. ಮುಟ್ಟುವ ಮೊದಲು ಪೇಷೆಂಟಿನ ಹೆಸರು ಕೇಳಿದೆಯಾ ಎಂದರು. ಅದು ಬೊಂಬೆಯಲ್ಲವೇ ಎಂದಳು ಅರುಂಧತಿ. ಬೊಂಬೆಗೇ ಮರ್ಯಾದೆ ಕೊಡದವಳು ಮನುಷ್ಯರಿಗೆ ಕೊಡುತ್ತಾಳೆಂದು ತಾನು ಹೇಗೆ ನಂಬಲಿ ಎಂದು ಕೇಳಿ, ಮಿಸ್ ತಾನ್ ಹಾಳೆಯ ಮೇಲೆ ದಪ್ಪಗೆ ಎನ್‌ವೈಸಿ ಎಂದು ಬರೆದರು. ಆ ಕೋರ್ಸಿನಲ್ಲಿ ಯಾರನ್ನೂ ಫೇಲ್ ಎನ್ನುವುದಿಲ್ಲ. ಬಂದರೆ ಕಾಂಪಿಟೆಂಟ್, ಬರದಿದ್ದರೆ ನಾಟ್ ಯೆಟ್ ಕಾಂಪಿಟೆಂಟ್, ಅಂದರೆ ಇನ್ನೂ ಪಳಗಿಲ್ಲ. ಅದನ್ನೇ ಚುಟುಕಾಗಿ ಎನ್‌ವೈಸಿ ಎನ್ನುತ್ತಾರೆ. ಕೆಳಗೆ, ಮತ್ತೆ ಪರೀಕ್ಷೆಗೆ ಬರಬೇಕಾದ ದಿನವೆಂದು, ಹದಿನಾಲ್ಕು ಎಂದಷ್ಟೇ ಬರೆದಿತ್ತು.

ಅರುಂಧತಿ ಆ ಹಾಳೆಯನ್ನು ತಂದು, ಸೊಕ್ಕು ಇಳಿಯಲಿ ಎಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಳು. ಆ ಭಾನುವಾರ ಅವಳು ಸ್ನಾನಕ್ಕೆ ಹೋಗಿದ್ದಾಗ ಶುಭಾ ಬಂದಳು. ಶುಭಾ ಎರಡು ಬ್ಲಾಕಿನಾಚೆ ಇರುವವಳು. ಅವಳ ಗಂಡ ಗಿರಿಧರನಿಗೆ ಸೆಲೆಟಾರಿನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ. ಹುಳಿಪುಡಿ ತುಂಬಿಸಿ ಕೊಟ್ಟಿದ್ದ ಸ್ಟೀಲ್ ಡಬ್ಬಿಯನ್ನು ವಾಪಸು ಕೊಡಲು ಬಂದವಳ ಕಣ್ಣು ಫ್ರಿಜ್ಜಿನ ಮೇಲೆ ಬಿತ್ತು. ಆಮೇಲೆ ನಡೆದದ್ದನ್ನು ದ್ವಾರಕನಾಥನೇ ತಲೆ ತಗ್ಗಿಸಿಕೊಂಡು ಹೆಂಡತಿಗೆ ವರದಿ ಮಾಡಿದ.

ಶುಭಾ ಹಾಳೆಯಲ್ಲಿದ್ದ ಎನ್‌ವೈಸಿಯನ್ನು ನ್ಯೂಯಾರ್ಕ್ ಸಿಟಿ ಎಂದು ಓದಿಕೊಂಡು, ಅರುಂಧತಿಯನ್ನು ನ್ಯೂಯಾರ್ಕಿಗೆ ಕಳಿಸುತ್ತಿದ್ದಾರಾ, ಅದೂ ಹದಿನಾಲ್ಕಕ್ಕೇನಾ ಎಂದು ಬೆರಗಾಗಿ ಕೇಳಿದಳಂತೆ. ಇಲ್ಲ ಎನ್ನಲು ಅವನು ಬಾಯಿ ತೆರೆದನಂತೆ. ಬಾಯಿಂದ ಬಂದದ್ದು ಮಾತ್ರ "ಹ್ಞೂಂ, ಒಂದು ಸಣ್ಣ ಅಸೈನ್‌ಮೆಂಟು" ಎಂದು.

"ಸಣ್ಣ ಅಸೈನ್‌ಮೆಂಟು," ಎಂದಳು ಅರುಂಧತಿ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚುತ್ತ.

"ಫೇಲಾದ್ಲು ಅಂತ ಹೇಳೋಕೆ ಮನಸ್ಸು ಬರ್ಲಿಲ್ಲ ಕಣೇ."

"ಎಷ್ಟು ದಿನ ಹೋಗ್ತೀನಂತೆ?"

"ಒಂದು ತಿಂಗಳು ಅಂದೆ."

ಅಷ್ಟರಲ್ಲಿ ಅವಳ ಫೋನು ಕುಣಿಯತೊಡಗಿತ್ತು. ಗುಂಪಿನಲ್ಲಿ ಅಭಿನಂದನೆಯ ಮೇಲೆ ಅಭಿನಂದನೆ. ವೆಂಕಟೇಶಮೂರ್ತಿ ಎಂಬ ಹಿರಿಯರು ಕನ್ನಡಿಗರಿಗೆಲ್ಲ ಇದೊಂದು ಹೆಮ್ಮೆಯ ವಿಷಯ ಎಂದು ನಾಲ್ಕು ಸಾಲು ಬರೆದಿದ್ದರು. ಅರುಂಧತಿಗೆ ಮೊದಲು ಕೋಪ ಬಂತು. ಒಂದು ಸಾಲು ಬರೆದು ಎಲ್ಲ ಸರಿಮಾಡಲು ಫೋನು ಎತ್ತಿಕೊಂಡಳು. ಗಂಡನ ಮುಖ ನೋಡಿದಳು. ಆ ಮುಖ, ಇಡೀ ಬ್ಯಾಂಕಿನ ಸರ್ವರ್ ಮಲಗಿಸಿಬಿಟ್ಟ ಹೊಸ ಹುಡುಗನ ಮುಖದ ಹಾಗಿತ್ತು. ಅವಳೊಳಗೆ ಎಲ್ಲೋ ಒಂದು ತುಂಟತನ ಮೆಲ್ಲಗೆ ಎದ್ದು ಕೂತಿತು.

"ಆಯ್ತು. ಹಾಗಾದ್ರೆ ಹದಿನಾಲ್ಕರಿಂದ ನಾನು ನ್ಯೂಯಾರ್ಕಲ್ಲಿರ್ತೀನಿ," ಎಂದಳು. "ನ್ಯೂಯಾರ್ಕಲ್ಲಿರೋಳು ಬೆಡೋಕ್ ಮಾರ್ಕೆಟ್ಟಲ್ಲಿ ಬೆಂಡೆಕಾಯಿ ಮುರಿದು ನೋಡ್ತಾ ನಿಂತಿದ್ರೆ ಚೆನ್ನಾಗಿರಲ್ಲ. ತರಕಾರಿ ನೀವೇ ತರ್ಬೇಕು. ಅಡುಗೇನೂ ನಿಮ್ದೇ. ನನ್ನ ಒಗ್ಗರಣೆ ವಾಸನೆ ಎರಡು ಬ್ಲಾಕಿನಾಚೆ ಇರೋರಿಗೂ ಗೊತ್ತಾಗುತ್ತೆ."

ಹೀಗೆ ಅರುಂಧತಿ ಮನೆಯಲ್ಲಿದ್ದುಕೊಂಡೇ ಪರದೇಶಕ್ಕೆ ಹೋದಳು. ಸತ್ಯನಾರಾಯಣ ಪೂಜೆಗೆ ಇನ್ನೂರು ಹೋಳಿಗೆ ತಟ್ಟಿಕೊಡಿ ಎನ್ನುವವರಿಲ್ಲ, ಮಗಳಿಗೆಂದು ತಮ್ಮ ಮಗನ ಜಾತಕ ಹೊತ್ತು ಬರುವವರಿಲ್ಲ. ಬೆಳಿಗ್ಗೆ ಆರಕ್ಕೆ ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಎಂಆರ್‌ಟಿ ರೈಲು ಹತ್ತಿದರೆ ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಅತ್ತ ದ್ವಾರಕನಾಥ ಶನಿವಾರ ಶನಿವಾರ ಮಾರುಕಟ್ಟೆಯಲ್ಲಿ ಸಿಕ್ಕವರಿಗೆಲ್ಲ ಅಲ್ಲಿಯ ಚಳಿಯ ವರ್ಣನೆ ಕೊಡಬೇಕಾಗಿತ್ತು. ಹೋದವಳು ಬರುವಾಗ ತರಲಿ ಎಂದು ಕೇಳಿದವರಿಗೂ ಅವನು ಇಲ್ಲವೆನ್ನಲಿಲ್ಲ. ಯಾರಿಗೋ ಮೊಣಕಾಲಿನ ಮಾತ್ರೆ, ಯಾರಿಗೋ ಬಾದಾಮಿ, ಶುಭಾಗೆ ಇಂಥದೇ ಕಂಪನಿಯ ಇಂಥದೇ ಬಣ್ಣದ ಕೈಚೀಲ. ಪಟ್ಟಿ ಬೆಳೆದಂತೆ ಅವನ ನಿದ್ದೆ ಕಮ್ಮಿಯಾಯಿತು.

ಆದರೆ ಒಂದು ವಿಷಯದಲ್ಲಿ ಅವನನ್ನು ಮೆಚ್ಚಬೇಕು. ಹೆಂಡತಿ ಎರಡನೇ ಸಲವೂ ಬೀಳಬಾರದು ಎಂದು ಅವನೇ ಪಣ ತೊಟ್ಟ. ಅವಳ ಪುಸ್ತಕದಲ್ಲಿದ್ದ ಪ್ರತಿಯೊಂದು ಕೆಲಸವನ್ನೂ ಎಕ್ಸೆಲ್ ಹಾಳೆಗೆ ಇಳಿಸಿ, ಹೆಜ್ಜೆಗಳಿಗೆ ನಂಬರು ಕೊಟ್ಟು, ಸಂಜೆಯಾದರೆ ತಾನೇ ಪೇಷೆಂಟಾಗಿ ಮಂಚದ ಮೇಲೆ ಮಲಗುತ್ತಿದ್ದ. ಮಗಳು ವರ್ಷಾ ಯೂನಿವರ್ಸಿಟಿಯಿಂದ ಬಂದವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಪ್ಪಾ, ನೀನು ಸ್ಟ್ರೋಕ್ ಪೇಷೆಂಟ್ ಲಾ. ಸ್ಟ್ರೋಕ್ ಪೇಷೆಂಟ್ ಕಾಲ್ ಮೇಲೆ ಕಾಲ್ ಹಾಕ್ಕೊಂಡು ಫೋನ್ ನೋಡಲ್ಲ," ಎಂದು ಒಮ್ಮೆ, ಅಲ್ಲಿಯವರ ಹಾಗೆ ಮಾತಿಗೊಂದು ಲಾ ಹಚ್ಚಿ, ಗದರಿದಳು. ಅವನು ಕೂಡಲೇ ಬಲಗೈಯನ್ನು ಜೋತುಬಿಟ್ಟ. ಹೆಂಡತಿ ಬಾಡಿಗೆಗೆ ತಂದಿದ್ದ ಗಾಲಿಕುರ್ಚಿಯ ಬ್ರೇಕು ಮರೆತರೆ ಆ ಸತ್ತ ಕೈಯೇ ಎದ್ದು ಬೆರಳು ತೋರಿಸುತ್ತಿತ್ತು.

ಹದಿನಾಲ್ಕನೇ ತಾರೀಕು ಅರುಂಧತಿ ಮಿಸ್ಟರ್ ವಾಂಗನ ಹೆಸರು, ಹುಟ್ಟಿದ ದಿನ ಎಲ್ಲ ಕೇಳಿ, ಅವನು ಉತ್ತರ ಕೊಡುವಷ್ಟು ಹೊತ್ತು ಕಾದು, ಆಮೇಲೆ ಹಾಸು ಬದಲಿಸಿದಳು. ಮಿಸ್ ತಾನ್ ತುಟಿಯ ಒಂದು ಕೊನೆಯಲ್ಲಿ ನಕ್ಕ ಹಾಗೆ ಕಾಣಿಸಿತು. ಅಲ್ಲಿಂದ ಮುಂದಿನ ಪರೀಕ್ಷೆಗಳಲ್ಲಿ ಅವಳು ಎಲ್ಲೂ ಎಡವಲಿಲ್ಲ.

ನರ್ಸಿಂಗ್ ಹೋಮಿಗೆ ಹೋದ ಮೊದಲ ದಿನ ಅವಳಿಗೆ ಮೂರನೇ ಮಹಡಿಯ ಹೆಂಗಸರ ವಾರ್ಡು ಸಿಕ್ಕಿತು. ನೀಲಿ ಸಮವಸ್ತ್ರ, ಕೂದಲಿಗೆ ಬಲೆ, ಮುಖಕ್ಕೆ ಮಾಸ್ಕು. ಕಿಟಕಿಯ ಪಕ್ಕದ ಹಾಸಿಗೆಯ ಹತ್ತಿರ ಹೋಗಿ, ಕಲಿಸಿದ್ದಂತೆ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ, ನಿಮ್ಮ ಪೂರ್ತಿ ಹೆಸರು ಹೇಳುತ್ತೀರಾ ಎಂದು ಕೇಳಿದಳು. ಆ ಕಡೆ ತಿರುಗಿ ಮಲಗಿದ್ದ ಮುದುಕಿ ನಿಧಾನವಾಗಿ ಮುಖ ಈ ಕಡೆ ಮಾಡಿ, ಮಾಸ್ಕಿನ ಮೇಲಿನ ಎರಡು ಕಣ್ಣುಗಳನ್ನು ಚೆನ್ನಾಗಿ ನೋಡಿದರು.

"ನ್ಯೂಯಾರ್ಕಿಂದ ಯಾವಾಗ ಬಂದ್ಯೇ?" ಎಂದರು.

ಅವರು ಸರೋಜಮ್ಮ. ಶುಭಾಳ ಅತ್ತೆ. ಮಂಡ್ಯದಲ್ಲಿ ಮೂವತ್ತೈದು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದವರು; ಕಾಪಿ ಹೊಡೆಯುವವರನ್ನು ಬೆನ್ನಿನಿಂದಲೇ ಗುರುತಿಸುತ್ತಿದ್ದವರು. ಹತ್ತು ದಿನದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಮತ್ತೆ ನಡೆಯುವುದನ್ನು ಕಲಿಯಲು ಇಲ್ಲಿಗೆ ಬಂದಿದ್ದರು. ಅವರು ಬಿದ್ದ ಸುದ್ದಿ ಗುಂಪಿನಲ್ಲಿ ಬಂದಾಗ ಅರುಂಧತಿ ನ್ಯೂಯಾರ್ಕಿನಲ್ಲಿದ್ದಳಾಗಿ, ನೋಡಲು ಹೋಗಲಾಗದೆ ಒಳಗೊಳಗೇ ನೊಂದುಕೊಂಡಿದ್ದಳು. ಈಗ ಪರದೆ ಎಳೆದುಕೊಂಡು, ಅವರ ಕಾಲಿಗೆ ಕಾಲುಚೀಲ ಹಾಕುತ್ತ, ಪಿಸುಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಸರೋಜಮ್ಮ ನಗಲು ಹೋಗಿ ಹೊಲಿಗೆ ಎಳೆದು, ಸೊಂಟ ಹಿಡಿದುಕೊಂಡು, ಸ್ವಲ್ಪ ತಡೆದು ಮತ್ತೆ ನಕ್ಕರು.

ಅವರು ಗುಟ್ಟು ಬಿಟ್ಟುಕೊಡಲಿಲ್ಲ. ಶುಭಾ ಆಫೀಸು ಮುಗಿಸಿ ಬರುತ್ತಿದ್ದುದು ಸಂಜೆ. ಅರುಂಧತಿಯ ಪಾಳಿ ಮಧ್ಯಾಹ್ನ ಮೂರಕ್ಕೇ ಮುಗಿಯುತ್ತಿತ್ತು. ಹೀಗೆ ಎರಡೂವರೆ ವಾರ ಕಳೆಯಿತು. ಈ ದಿನಗಳಲ್ಲಿ ಅರುಂಧತಿಯ ಸೊಂಟ ಬಿತ್ತು, ಪಾದ ಊದಿತು. ಒಬ್ಬ ಮುದುಕಿ ಅವಳ ಮೇಲೆ ಗಂಜಿ ಉಗಿದರು. ಇನ್ನೊಬ್ಬರು ಅವಳನ್ನು ಯಾವಾಗಲೋ ಕಳೆದುಹೋದ ತಂಗಿ ಎಂದುಕೊಂಡು ಕೈ ಬಿಡಲೇ ಇಲ್ಲ. ಮನೆಗೆ ಬಂದು ಅವಳು ಇದನ್ನೆಲ್ಲ ಹೇಳುವಾಗ ದ್ವಾರಕನಾಥ ಉಪ್ಪು ಹೆಚ್ಚಾದ ಸಾರು ಬಡಿಸುತ್ತ ಕೇಳುತ್ತಿದ್ದ. ಸರೋಜಮ್ಮ ಅಲ್ಲಿದ್ದಾರೆ ಎಂಬುದನ್ನು ಮಾತ್ರ ಅವಳು ಹೇಳಲಿಲ್ಲ. ಹೇಳಿದರೆ ಅವನಿಗೆ ಇರುವ ಅರ್ಧ ನಿದ್ದೆಯೂ ಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಸಲು ಕಾರಣ, ಗುಟ್ಟು ಇಟ್ಟುಕೊಳ್ಳುವುದರಲ್ಲಿ ಸಿಗುವ ಮಜಾ.

ಕೊನೆಯ ಪರೀಕ್ಷೆಗೆ ಒಪ್ಪಿಗೆ ಕೊಡುವ ಪೇಷೆಂಟು ಬೇಕಾದಾಗ ಸರೋಜಮ್ಮ ತಾವೇ ಮುಂದಾದರು. ವಾರ್ಡಿನ ಮುಖ್ಯ ನರ್ಸು ಒಪ್ಪಿದರು. ಶನಿವಾರ ಬೆಳಿಗ್ಗೆ ಹತ್ತಕ್ಕೆ, ಹಾಸಿಗೆಯಿಂದ ಗಾಲಿಕುರ್ಚಿಗೆ ಇಳಿಸಿ ಕೂರಿಸುವುದು. "ನೀನು ನಿನ್ನ ಕೆಲಸ ನೋಡ್ಕೊ, ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದು ಸರೋಜಮ್ಮ ಹೇಳಿದಾಗ ಅರುಂಧತಿ ಅದರ ಅರ್ಥ ಕೇಳಬೇಕಿತ್ತು. ಪರೀಕ್ಷೆಯ ಹೆದರಿಕೆಯಲ್ಲಿ ಕೇಳಲಿಲ್ಲ.

ಶನಿವಾರ ಹತ್ತಕ್ಕೆ ಐದು ನಿಮಿಷವಿರುವಾಗ ಮಿಸ್ ತಾನ್ ಕೈಯಲ್ಲಿ ಹಾಳೆ ಹಿಡಿದು ಹಾಸಿಗೆಯ ಪಾದದ ಕಡೆ ನಿಂತರು. ಅರುಂಧತಿ ಕೈ ತೊಳೆಯುತ್ತಿದ್ದಳು. ಬಾಗಿಲು ತೆರೆಯಿತು. ಮುಂದೆ ಶುಭಾ, ಹಿಂದೆ ಹಣ್ಣಿನ ಬುಟ್ಟಿ ಹಿಡಿದ ದ್ವಾರಕನಾಥ. ಗಿರಿಧರ ಊರಲ್ಲಿಲ್ಲ, ಅತ್ತೆ ನಿಮ್ಮನ್ನು ಒಮ್ಮೆ ನೋಡಬೇಕು ಎನ್ನುತ್ತಿದ್ದಾರೆ ಎಂದು ಹೇಳಿ ಶುಭಾ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದಳು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಅವನು ಕೇಳಿದ್ದು ಗೇಟಿನ ಮೇಲಿನ ಬೋರ್ಡು ಕಂಡಮೇಲೆ. ಆಗ ತಡವಾಗಿತ್ತು.

ಅವನ ಕಣ್ಣು ನೇರವಾಗಿ ಅರುಂಧತಿಯ ಮೇಲೆ ಬಿತ್ತು. ಬುಟ್ಟಿಯಿಂದ ಒಂದು ಕಿತ್ತಳೆ ಉರುಳಿತು. ಶುಭಾ ಮಾತ್ರ ಅರುಂಧತಿಯ ಪಕ್ಕದಲ್ಲೇ ದಾಟಿಕೊಂಡು, ಎಕ್ಸ್‌ಕ್ಯೂಸ್ ಮಿ ಎಂದು ಹೇಳಿ, ಆ ಕಡೆಯ ಕುರ್ಚಿಯಲ್ಲಿ ಕೂತಳು. ಸಮವಸ್ತ್ರ ಹಾಕಿದವರ ಮುಖವನ್ನು ಯಾರೂ ನೋಡುವುದಿಲ್ಲ ಎಂಬುದನ್ನು ಈ ಮೂರು ವಾರಗಳಲ್ಲಿ ಅರುಂಧತಿ ಚೆನ್ನಾಗಿ ಅರಿತಿದ್ದಳು. ಇಪ್ಪತ್ತು ವರ್ಷದ ಗೆಳತಿಯೂ ನೋಡುವುದಿಲ್ಲ ಎಂದು ಈಗ ತಿಳಿಯಿತು. ಅದರಿಂದ ಅವಳಿಗೆ ಒಂದು ಕಡೆ ನಗು, ಒಂದು ಕಡೆ ಎದೆಯಲ್ಲಿ ಸಣ್ಣ ಚುಚ್ಚು.

ಮನೆಯವರು ಇರಬಹುದೇ ಎಂದು ಮಿಸ್ ತಾನ್ ಪೇಷೆಂಟನ್ನು ಕೇಳಿದರು. ಇರಲೇಬೇಕು ಎಂದರು ಸರೋಜಮ್ಮ.

ಅರುಂಧತಿ ಹೆಸರು ಕೇಳಿದಳು, ಹುಟ್ಟಿದ ದಿನ ಕೇಳಿದಳು, ಏನು ಮಾಡಲಿದ್ದೇನೆಂದು ಇಂಗ್ಲಿಷಿನಲ್ಲಿ ದನಿ ತಗ್ಗಿಸಿ ವಿವರಿಸಿದಳು. ಸರೋಜಮ್ಮ ಎಲ್ಲಕ್ಕೂ ಒಪ್ಪಿಗೆ ಕೊಟ್ಟು, ಆಮೇಲೆ ಬಿಡುವಾಗಿ ದ್ವಾರಕನಾಥನ ಕಡೆ ತಿರುಗಿದರು.

"ಏನಪ್ಪಾ, ಅರುಂಧತಿ ಹೇಗಿದಾಳೆ? ನ್ಯೂಯಾರ್ಕಲ್ಲಿ ಚಳಿ ಜೋರಾ?"

"ಜೋರೇ ಅಮ್ಮ," ಎಂದ ದ್ವಾರಕನಾಥ, ಕಿತ್ತಳೆ ಹೆಕ್ಕಲು ಬಗ್ಗಿದವನು ಬಗ್ಗಿಕೊಂಡೇ.

"ನಿನ್ನೆ ಮಾತಾಡಿದ್ಯಾ?"

"ಇವತ್ತು ಬೆಳಿಗ್ಗೇನೂ ಮಾತಾಡ್ದೆ."

"ಏನಂದ್ಲು?"

ಅರುಂಧತಿ ಹಾಸಿಗೆಯ ಗಾಲಿಗೆ ಬ್ರೇಕು ಹಾಕುತ್ತಿದ್ದಳು. ಬೆಳಿಗ್ಗೆ ಅವಳು ಅಂದದ್ದು, ಉಪ್ಪಿಟ್ಟಿಗೆ ನೀರು ಜಾಸ್ತಿಯಾಗಿದೆ ಎಂದು. ದ್ವಾರಕನಾಥ ಸ್ವಲ್ಪ ಯೋಚಿಸಿ, ಅಲ್ಲಿ ಊಟ ಸರಿಹೋಗುತ್ತಿಲ್ಲವಂತೆ ಎಂದ. ಮಾಸ್ಕಿನೊಳಗೆ ಅರುಂಧತಿ ತುಟಿ ಕಚ್ಚಿಕೊಂಡಳು. ನನ್ನ ಬ್ಯಾಗಿನ ವಿಷಯ ನೆನಪಿಸಿದಿರಾ ಎಂದು ಶುಭಾ ಕೇಳಿದಳು. ನೆನಪಿಸಿದೆ ಎಂದ. ಅಂಗಡಿ ದೂರವೇ ಎಂದು ಸರೋಜಮ್ಮ ಕೇಳಿದರು. ಹತ್ತಿರವೇ ಎಂದ. ಅವನ ಕಣ್ಣು ಮಾತ್ರ ಗಾಲಿಕುರ್ಚಿಯ ಬ್ರೇಕಿನ ಮೇಲೇ ನೆಟ್ಟಿತ್ತು. ಬಲಗೈ ತಾನಾಗಿ ಏಳತೊಡಗಿದ್ದನ್ನು ಕಂಡು ಎಡಗೈಯಲ್ಲಿ ಅದನ್ನು ಹಿಡಿದುಕೊಂಡ. ಅರುಂಧತಿ ಬ್ರೇಕು ಒತ್ತಿದ ಮೇಲೆ ಅವನು ಉಸಿರು ಬಿಟ್ಟದ್ದು ಮಿಸ್ ತಾನರಿಗೂ ಕೇಳಿಸಿರಬೇಕು.

ಸರೋಜಮ್ಮನನ್ನು ಮೆಲ್ಲಗೆ ಎಬ್ಬಿಸಿ ಮಂಚದ ಅಂಚಿಗೆ ಕೂರಿಸಿ, ತಲೆ ಸುತ್ತುತ್ತಿದೆಯೇ ಎಂದು ಕೇಳಿ, ಜಾರದ ಚಪ್ಪಲಿ ತೊಡಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿದಳು. ಒಂದು, ಎರಡು, ಮೂರು. ಸರೋಜಮ್ಮ ಎದ್ದು ನಿಂತರು. ನಿಂತವರು ಒಂದು ಕ್ಷಣ ಓಲಾಡಿದರು. ಅದು ನಾಟಕವಲ್ಲ, ಪಟ್ಟಿ ಹಿಡಿದಿದ್ದ ಅರುಂಧತಿಯ ಕೈಗೆ ಆ ನಡುಕ ತಾಕಿತು. ಅವಳು ಕಾಲು ಅಗಲಿಸಿ ಭದ್ರವಾಗಿ ನಿಂತಳು. ಅಷ್ಟರಲ್ಲಿ ಶುಭಾ ಗಾಬರಿಯಿಂದ ಹಾರಿ ಬಂದು ಅತ್ತೆಯ ತೋಳಿಗೆ ಕೈ ಹಾಕಿ ಮೇಲಕ್ಕೆ ಜಗ್ಗಿದಳು.

"ಶುಭಾ, ಕೈ ಹಿಡಿದು ಎಳೀಬೇಡಿ," ಎಂದಳು ಅರುಂಧತಿ, ತನ್ನ ಸ್ವಂತ ದನಿಯಲ್ಲಿ. "ಭುಜ ಕೀಲು ತಪ್ಪುತ್ತೆ. ಪಕ್ಕಕ್ಕೆ ಬನ್ನಿ. ನಾನು ಹಿಡಿದಿದೀನಿ."

ಆ ದನಿಗೆ ಶುಭಾ ತಟ್ಟನೆ ಪಕ್ಕಕ್ಕೆ ಸರಿದಳು. ಸರಿದ ಮೇಲೆ ಅವಳಿಗೆ ಕೇಳಿಸಿದ್ದು ಅರ್ಥವಾಯಿತು. ಅರುಂಧತಿ ಅತ್ತ ನೋಡಲಿಲ್ಲ. ಸರೋಜಮ್ಮನ ನಡುಕ ನಿಲ್ಲುವವರೆಗೆ ಕಾದು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ತಿರುಗಿಸಿ, ಕುರ್ಚಿಯ ಅಂಚು ಕಾಲಿಗೆ ತಾಕಿತೇ ಎಂದು ಕೇಳಿ, ನಿಧಾನವಾಗಿ ಕೂರಿಸಿದಳು. ಪಾದ ಎತ್ತಿಟ್ಟಳು, ಕರೆಗಂಟೆಯನ್ನು ಕೈಗೆಟುಕುವಲ್ಲಿ ಇಟ್ಟಳು, ಕೈ ತೊಳೆದಳು. ಮನೆಯವರಿಗೆ ಏನು ಹೇಳಿದೆ ಎಂದು ಮಿಸ್ ತಾನ್ ಕೇಳಿದರು. ಹೇಳಿದ್ದನ್ನು ಅರುಂಧತಿ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಏನೋ ಬರೆದುಕೊಂಡು, ಫಲಿತಾಂಶ ಹನ್ನೊಂದಕ್ಕೆ ಎಂದು ಹೇಳಿ ಹೊರಗೆ ಹೋದರು.

ಅರುಂಧತಿ ಮಾಸ್ಕನ್ನು ಕೆಳಗೆಳೆದಳು. ಶುಭಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ದ್ವಾರಕನಾಥನನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು.

"ಹಾಗಾದ್ರೆ ನನ್ನ ಬ್ಯಾಗು?" ಎಂದಳು.

ಸರೋಜಮ್ಮ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ದ್ವಾರಕನಾಥ ಕಿತ್ತಳೆಯನ್ನು ಬುಟ್ಟಿಗೆ ಹಾಕಿ, ಅಪರಾಧಿಯ ಹಾಗೆ ಕೈ ಕಟ್ಟಿ ನಿಂತ. ಆ ಮೂರಕ್ಷರ ನ್ಯೂಯಾರ್ಕ್ ಅಲ್ಲ, ಒಂದು ಪರೀಕ್ಷೆ ಇನ್ನೂ ಪಾಸಾಗಿಲ್ಲ ಎಂದು ಅರ್ಥ, ತಾನೇ ಸುಳ್ಳು ಹೇಳಿದ್ದು, ಅರುಂಧತಿಗೆ ಸಂಬಂಧವಿಲ್ಲ ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಸಂಬಂಧವಿದೆ, ನಾನೂ ಸೇರಿಕೊಂಡು ಆಟ ಆಡಿದೆ ಎಂದಳು ಅರುಂಧತಿ. ಮ್ಯಾನೇಜ್‌ಮೆಂಟೂ ಅಲ್ಲ, ತಾನು ಕಲಿಯುತ್ತಿರುವುದು ಇದೇ ಕೆಲಸ ಎಂದೂ ಹೇಳಿದಳು.

ಶುಭಾಳ ಮುಖ ಕೆಂಪಾಯಿತು. "ನಂಗೂ ಹೇಳ್ಬಾರ್ದು ಅನ್ನಿಸ್ತಾ? ನಾನು ಆಡ್ಕೊಂಡು ನಗ್ತೀನಿ ಅಂದ್ಕೊಂಡ್ರಾ?"

ಅರುಂಧತಿ ಕೂದಲಿನ ಬಲೆಯನ್ನೂ ಕಿತ್ತು ಕೈಯಲ್ಲಿ ಹಿಡಿದಳು. ಗಂಡ ಬೆಡ್‌ಪ್ಯಾನಿಗೆ ನಾಚಿದ ಎಂದು ಅವನನ್ನು ಕುಣಿಸಿದ್ದಳು ಸರಿ. ಆದರೆ ಅವಳೂ ಶುಭಾ ಏನನ್ನುತ್ತಾಳೋ ಎಂದು ಹೆದರಿಯೇ ಇಷ್ಟು ದಿನ ಟೋಪಿ ಮಾಸ್ಕಿನಲ್ಲಿ ಅಡಗಿ ಓಡಾಡಿದ್ದಳು. ಅದು ಬರಿ ತಮಾಷೆ ಎಂದು ತಿಳಿದುಕೊಂಡಿದ್ದಳು ಅಷ್ಟೆ. "ಅಂದ್ಕೊಂಡಿದ್ದೆ," ಎಂದಳು. "ತಪ್ಪಾಯ್ತು."

ಶುಭಾ ಕುರ್ಚಿಯಲ್ಲಿ ಕೂತು ಕೈಚೀಲದ ಜಿಪ್ಪನ್ನು ಎರಡು ಸಲ ತೆಗೆದು ಹಾಕಿದಳು. ಬೈಯುತ್ತಾಳೆ ಎಂದು ಮೂವರೂ ಕಾದರು. ಅವಳು ತಲೆ ಎತ್ತಿದಾಗ ಕಣ್ಣು ತುಂಬಿತ್ತು.

"ಮುಂದಿನ ಗುರುವಾರ ಇವ್ರನ್ನ ಮನೆಗೆ ಕಳಿಸ್ತಾರಂತೆ. ಹೇಗೆ ಎತ್ಬೇಕು, ಹೇಗೆ ಕೂರಿಸ್ಬೇಕು, ಒಂದೂ ಗೊತ್ತಿಲ್ಲ ನಂಗೆ. ದಿನಾ ರಾತ್ರಿ ಯೂಟ್ಯೂಬ್ ನೋಡ್ತೀನಿ, ನೋಡಿದಷ್ಟೂ ಭಯ ಆಗುತ್ತೆ. ಈಗ ನೋಡಿ, ಎಳೆದೇಬಿಟ್ಟೆ."

ಅರುಂಧತಿ ಅವಳ ಮುಂದೆ ಮಂಡಿಯೂರಿ ಕೂತಳು. ಹತ್ತು ದಿನದಲ್ಲಿ ಬರುತ್ತದೆ, ತಾನು ದಿನಾ ಸಂಜೆ ಬರುತ್ತೇನೆ ಎಂದಳು. ಅಡುಗೆ ಮುಗಿಸಿಕೊಂಡು ನಾನೂ ಬರುತ್ತೇನೆ, ನನ್ನ ಹತ್ತಿರ ಎಲ್ಲ ಎಕ್ಸೆಲ್‌ನಲ್ಲಿದೆ ಎಂದ ದ್ವಾರಕನಾಥ. ನಿನ್ನ ಎಕ್ಸೆಲ್ ನನ್ನ ಮಂಚದ ಹತ್ತಿರ ತರಬೇಡ ಎಂದರು ಸರೋಜಮ್ಮ. ಶುಭಾ ಅಳುತ್ತಲೇ ನಕ್ಕಳು. ಹನ್ನೊಂದಕ್ಕೆ ಸರಿಯಾಗಿ ಮಿಸ್ ತಾನ್ ಬಂದು ಹಾಳೆ ಕೊಟ್ಟರು. ಅದರ ಮೇಲೆ ಒಂದೇ ಅಕ್ಷರವಿತ್ತು, ಸಿ. ಅರುಂಧತಿ ಪಳಗಿದ್ದಳು.

ಬ್ಯಾಗು, ಬಾದಾಮಿ, ಮೊಣಕಾಲಿನ ಮಾತ್ರೆಗಳ ವಿಷಯದಲ್ಲಿ ಗುಂಪಿನವರ ಕ್ಷಮೆ ಕೇಳಿ ದ್ವಾರಕನಾಥ ದೊಡ್ಡ ಕಾಗದವನ್ನೇ ಬರೆದ. ಎರಡು ದಿನ ಎಲ್ಲರೂ ಅವನ ಕಾಲೆಳೆದರು. ಮೂರನೇ ದಿನದಿಂದ ಅರುಂಧತಿಗೆ ಫೋನುಗಳು ಶುರುವಾದವು. ಒಬ್ಬರಿಗೆ ಮಾವನ ಬೆನ್ನಹುಣ್ಣಿನ ಚಿಂತೆ, ಇನ್ನೊಬ್ಬರಿಗೆ ಊರಿನಿಂದ ಬರಲಿರುವ ತಾಯಿಗೆ ಗಾಲಿಕುರ್ಚಿ ಎಂಥದು ಕೊಳ್ಳಬೇಕೆಂಬ ಗೊಂದಲ. ಅದೇ ನರ್ಸಿಂಗ್ ಹೋಮಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು.

ಆ ವರ್ಷದ ಯುಗಾದಿ ಊಟ ಶುಭಾಳ ಬ್ಲಾಕಿನ ಕೆಳಗೆ ಕಂಬಗಳ ನಡುವೆ ಖಾಲಿ ಬಿಟ್ಟಿರುವ ಜಾಗದಲ್ಲಿ, ಅಂದರೆ ವಾಯ್ಡ್ ಡೆಕ್ಕಿನಲ್ಲಿ. ಸರೋಜಮ್ಮ ವಾಕರ್ ಹಿಡಿದು ತಾವೇ ಲಿಫ್ಟಿನಿಂದ ನಡೆದು ಬಂದರು. ಶುಭಾ ಒಂದು ಹೆಜ್ಜೆ ಹಿಂದೆ, ಕೈ ಸೊಂಟದ ಹತ್ತಿರವಿಟ್ಟುಕೊಂಡು, ಮುಟ್ಟದೆ. ಅರುಂಧತಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬರುವ ಹೊತ್ತಿಗೆ ಅರ್ಧ ಊಟವಾಗಿತ್ತು. ದೂರದಿಂದಲೇ ಗಂಡನ ದನಿ ಕೇಳಿಸಿತು. ಅವನು ವೆಂಕಟೇಶಮೂರ್ತಿಯವರನ್ನು ಒಂದು ಕಂಬಕ್ಕೆ ಒರಗಿಸಿ ನಿಲ್ಲಿಸಿಕೊಂಡು, ನನ್ನ ಹೆಂಡತಿಯ ಕೆಲಸ ಎಷ್ಟು ನಾಜೂಕಿನದು ಗೊತ್ತೇನು ಸಾರ್ ಎಂದು ಬೆಡ್‌ಪ್ಯಾನಿನ ಹದಿನೇಳು ಹೆಜ್ಜೆಗಳನ್ನು ವಿವರಿಸುತ್ತಿದ್ದ. ಹನ್ನೊಂದನೆಯ ಹೆಜ್ಜೆಯಲ್ಲಿದ್ದ. ಒಳಗಿರುವುದರ ಬಣ್ಣ ಯಾಕೆ ಗಮನಿಸಬೇಕು ಎಂಬುದನ್ನು ಹೇಳುತ್ತ, ಉದಾಹರಣೆಗೆ ಎಂದು ಅವರ ತಟ್ಟೆಯಲ್ಲಿದ್ದ ಬಿಸಿಬೇಳೆಬಾತಿನ ಕಡೆ ಬೆರಳು ತೋರಿಸಿದ.

ವೆಂಕಟೇಶಮೂರ್ತಿಯವರು ತಟ್ಟೆಯನ್ನು ನಿಧಾನವಾಗಿ ಪಕ್ಕದ ಕಟ್ಟೆಯ ಮೇಲೆ ಇಟ್ಟರು.

ಗಂಡನನ್ನು ತಡೆಯಬೇಕೇ ಎಂದು ಅರುಂಧತಿ ಒಂದು ಗಳಿಗೆ ಯೋಚಿಸಿದಳು. ಬೆಳಿಗ್ಗೆ ಆರರಿಂದ ನಿಂತು ನಿಂತು ಹೊಟ್ಟೆ ಚುರುಗುಟ್ಟುತ್ತಿತ್ತು. ಅವಳು ಸೀದಾ ಬಡಿಸುವ ಮೇಜಿನ ಹತ್ತಿರ ಹೋಗಿ, ಎರಡು ಸೌಟು ಬಿಸಿಬೇಳೆಬಾತನ್ನು ಹಾಕಿಸಿಕೊಂಡು, ಮೇಲೆ ತುಪ್ಪ ಸ್ವಲ್ಪ ಧಾರಾಳವಾಗಿಯೇ ಇರಲಿ ಎಂದಳು.